ನನ್ನ ಮತ 1974ಕ್ಕೆ

ಮಾನ್ಯ ಸಂಪಾದಕರೇ,

ಕನ್ನಡ ಚಿತ್ರಗೀತೆಗಳ ಮಟ್ಟಿಗೆ ಅತ್ಯುತ್ತಮ ವರ್ಷ ಯಾವುದು ಎಂಬ ವಿಷಯವಾಗಿ ತಮ್ಮ ವಾಚಕರ ವಿಭಾಗದಲ್ಲಿ ಕೆಲವು ವಾರಗಳಿಂದ ಬರುತ್ತಿರುವ ಪತ್ರಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಹೆಚ್ಚಿನ ಓದುಗರು 1972ರ ಪರವಾಗಿ ಬರೆದಿದ್ದಾರೆ. ವಿಜಯಭಾಸ್ಕರ್ ಅವರ ‘ನಾಗರಹಾವು’ ಮತ್ತು ಜಿ.ಕೆ. ವೆಂಕಟೇಶ್ ಅವರ ‘ಬಂಗಾರದ ಮನುಷ್ಯ’ ಎರಡೂ ಒಂದೇ ವರ್ಷದಲ್ಲಿ ಬಂದವು ಎಂಬುದು ಸಣ್ಣ ಮಾತಲ್ಲ, ಆ ವಾದದ ತೂಕವನ್ನು ನಾನೂ ಒಪ್ಪುತ್ತೇನೆ. ಆದರೂ ಒಂದೇ ವರ್ಷದ ಆಲ್ಬಮ್‌ಗಳನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನೆಲ್ಲ ಬಿಡಬೇಕು ಎಂದು ಯಾರಾದರೂ ಹೇಳಿದರೆ ನಾನು ಇಟ್ಟುಕೊಳ್ಳುವುದು 1974ನ್ನು. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇನೆ.

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಆ ಹೆಸರಿನಲ್ಲಿ ನಾವು ಪೂರ್ತಿಯಾಗಿ ಕಳೆದ ಮೊದಲ ವರ್ಷ 1974. ನಾಮಕರಣದ ಐವತ್ತನೆಯ ವರ್ಷವನ್ನು ಸಂಭ್ರಮದಿಂದ ಆಚರಿಸಿದಾಗ ಊರೂರಿನಲ್ಲಿ ಮೆರವಣಿಗೆಗಳಾದವು, ಭಾಷಣಗಳಾದವು. ಆದರೆ ಆ ವರ್ಷ ನಾಡಿನ ಮನೆಮನೆಯಲ್ಲಿ ಏನು ಕೇಳುತ್ತಿತ್ತು ಎಂಬುದನ್ನು ನನಗೆ ತಿಳಿದಮಟ್ಟಿಗೆ ಈ ಭಾಗದ ಯಾವ ವೇದಿಕೆಯಲ್ಲೂ ಯಾರೂ ನೆನಪಿಸಲಿಲ್ಲ. ಆಗ ನಮ್ಮ ವಿಜಯಪುರ ಇನ್ನೂ ಬಿಜಾಪುರವಾಗಿತ್ತು, ಇಂದಿನ ಬಾಗಲಕೋಟೆ ಜಿಲ್ಲೆಯೂ ಅದರೊಳಗೇ ಇತ್ತು. ಹಾಡು ಕೇಳಬೇಕೆಂದರೆ ಧಾರವಾಡ ಆಕಾಶವಾಣಿಯೋ, ಮದುವೆ ಮನೆಯ ಧ್ವನಿವರ್ಧಕವೋ, ಉಳ್ಳವರ ಮನೆಯ ರಿಕಾರ್ಡ್ ಪ್ಲೇಯರೋ ಬೇಕಾಗಿತ್ತು. ಏಳು ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಆ ಪುಟ್ಟ ರಿಕಾರ್ಡಿನಲ್ಲಿ ಸಾಮಾನ್ಯವಾಗಿ ಒಂದು ಮಗ್ಗುಲಿಗೆ ಎರಡರಂತೆ ನಾಲ್ಕು ಹಾಡುಗಳಿರುತ್ತಿದ್ದವು. ಎರಡು ಹಾಡು ಮುಗಿದ ಮೇಲೆ ಎದ್ದುಹೋಗಿ ಮಗ್ಗುಲು ಬದಲಿಸಬೇಕಾಗಿತ್ತಾದ್ದರಿಂದ ಕೇಳುವವರು ಪಕ್ಕದಲ್ಲಿ ಕುಳಿತೇ ಕೇಳುತ್ತಿದ್ದರು. ಮುಳ್ಳು ತಾಕಿದ ಕೂಡಲೇ ಹಾಡಿಗಿಂತ ಮೊದಲು ಬರುವ ಆ ಚರಚರ ಸದ್ದು, ಅದರ ಹಿಂದೆಯೇ ಏಳುವ ಪಿಟೀಲುಗಳ ಗುಂಪು ಇವನ್ನು ಕೇಳಿದವರಿಗೆ ಆಲ್ಬಮ್ ಎಂದರೆ ಒಂದಾದ ಮೇಲೊಂದರಂತೆ ಕೇಳಬೇಕಾದ ಹಾಡುಗಳ ಒಂದು ಕಟ್ಟು ಎಂಬುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಆ ವರ್ಷದ ನನ್ನ ಮೊದಲ ಆಯ್ಕೆ ‘ಎರಡು ಕನಸು’. ವಾಣಿ ಅವರ ಕಾದಂಬರಿಯನ್ನು ಆಧರಿಸಿ ದೊರೆ–ಭಗವಾನ್ ನಿರ್ದೇಶಿಸಿದ ಈ ಚಿತ್ರಕ್ಕೆ ಹಾಡು ಬರೆದವರು ಚಿ. ಉದಯಶಂಕರ್, ಸಂಗೀತ ಕೊಟ್ಟವರು ಮೈಸೂರಿನ ಸಹೋದರರಾದ ರಾಜನ್–ನಾಗೇಂದ್ರ. ಇದನ್ನು ಬಿಡಿ ಹಾಡುಗಳಾಗಿ ಕೇಳಿದವರು ಬಹಳ ಮಂದಿ. ಮೊದಲಿನಿಂದ ಕೊನೆಯವರೆಗೆ ಒಂದೇ ಬೈಠಕ್ಕಿನಲ್ಲಿ ಕೇಳಿದವರು ಕಡಿಮೆ. ಹಾಗೆ ಕೇಳಿದಾಗ, ಕಳೆದುಕೊಂಡ ಪ್ರೀತಿಯನ್ನೇ ಹಿಡಿದುಕೊಂಡು ಕೂತ ಒಬ್ಬ ಮನುಷ್ಯ ತನ್ನ ಮನೆಯಲ್ಲೇ ಇರುವ ಪ್ರೀತಿಯನ್ನು ಕಾಣುವ ತನಕದ ದಾರಿಯನ್ನು ಪಿ.ಬಿ. ಶ್ರೀನಿವಾಸ್ ಅವರ ಒಂದು ಕಂಠವೇ ನಡೆದು ತೋರಿಸುತ್ತದೆ. ‘ಬಾಡಿ ಹೋದ ಬಳ್ಳಿಯಿಂದ’ ಹಾಡಿನಲ್ಲಿ ಅವರು ದುಃಖವನ್ನು ಎಲ್ಲಿಯೂ ಜೋರು ಮಾಡುವುದಿಲ್ಲ. ಮೊದಲ ಸಾಲು ಒಂದು ಪ್ರಶ್ನೆ. ಆದರೆ ಆ ಪ್ರಶ್ನೆಯ ಕೊನೆಯ ಅಕ್ಷರವನ್ನು ಅವರು ಮೇಲಕ್ಕೆತ್ತದೆ ಮೆಲ್ಲಗೆ ಇಳಿಸಿಬಿಡುತ್ತಾರೆ. ಉತ್ತರ ಗೊತ್ತಿದ್ದೂ ಕೇಳುವವನ ದನಿ ಹಾಗೆಯೇ ಇರುತ್ತದೆ. ಅದೇ ಕಂಠ ‘ತಂ ನಂ ತಂ ನಂ’ ಹಾಡಿನಲ್ಲಿ ಎಸ್. ಜಾನಕಿ ಅವರ ಜೊತೆ ಎಷ್ಟು ಹಗುರಾಗುತ್ತದೆ ಎಂದರೆ, ಎರಡನ್ನೂ ಒಬ್ಬರೇ ಹಾಡಿದ್ದಾರೆ ಎಂಬುದನ್ನು ಎಳೆಯರಿಗೆ ಹೇಳಿ ನಂಬಿಸಬೇಕಾಗುತ್ತದೆ.

ಇದೇ ಆಲ್ಬಮ್ಮಿನ ‘ಎಂದೆಂದೂ ನಿನ್ನನು ಮರೆತು’ ಹಾಡಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇಲ್ಲಿ ಪಿ.ಬಿ. ಶ್ರೀನಿವಾಸ್ ಅವರಿಗೆ ಜೊತೆಯಾದವರು ವಾಣಿ ಜಯರಾಂ. 1971ರಲ್ಲಿ ಹಿಂದಿಯ ‘ಗುಡ್ಡಿ’ ಚಿತ್ರದ ಮಲ್ಹಾರ ರಾಗದ ಹಾಡಿನಿಂದ ದೇಶಕ್ಕೆಲ್ಲ ಪರಿಚಯವಾಗಿದ್ದ ಅವರು ಪಟಿಯಾಲಾ ಘರಾಣೆಯ ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಅವರಲ್ಲಿ ಹಿಂದೂಸ್ತಾನಿ ಕಲಿತಿದ್ದರು. ಕನ್ನಡದಲ್ಲಿ ಅವರು ಆಗಿನ್ನೂ ಹೊಸಬರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಅವರ ಗಾಯನ ಕೇಳಿ ಪಳಗಿದ ನಮ್ಮ ಭಾಗದ ಕಿವಿಗೆ ಸ್ವರದಿಂದ ಸ್ವರಕ್ಕೆ ಅವರು ಜಾರುವ ರೀತಿ ತೀರ ಹತ್ತಿರದ್ದು ಎನಿಸುವುದು ಸಹಜ. ಆ ಹಾಡಿನಲ್ಲಿ ಶಾಸ್ತ್ರೀಯತೆಯ ಪ್ರದರ್ಶನ ಎಲ್ಲಿಯೂ ಇಲ್ಲ; ಕಲಿತ ವಿದ್ಯೆಯೆಲ್ಲ ಸಾಲಿನ ಕೊನೆಯ ಒಂದು ಸಣ್ಣ ತಿರುವಿನಲ್ಲಿ ಕಾಣಿಸಿ ಮರೆಯಾಗುತ್ತದೆ. ಜೊತೆಗೆ ರಾಘವೇಂದ್ರ ಸ್ವಾಮಿಗಳ ‘ಇಂದು ಎನಗೆ ಗೋವಿಂದ’ ಕೃತಿಯನ್ನು ಜಾನಕಿಯವರಿಂದ ಹಾಡಿಸಿ, ಮಠ ಮತ್ತು ಮನೆಯ ದೇವರ ಮುಂದಿನ ಹಾಡೊಂದನ್ನು ಅದರ ಗಾಂಭೀರ್ಯ ಕೆಡದಂತೆ ಚಿತ್ರದೊಳಗೆ ತಂದ ಸಹೋದರರ ಸಂಯಮವೂ ದೊಡ್ಡದು. ನನ್ನ ತಿಳಿವಳಿಕೆಯಲ್ಲಿ ರಾಜನ್–ನಾಗೇಂದ್ರ ಅವರ ಎಲ್ಲ ಆಲ್ಬಮ್‌ಗಳ ಪೈಕಿ ಇದಕ್ಕಿಂತ ಜನಪ್ರಿಯವಾದವು ಇರಬಹುದು, ಇದಕ್ಕಿಂತ ಪೂರ್ಣವಾದುದು ಇಲ್ಲ.

ಎರಡನೆಯದು ‘ಸಂಪತ್ತಿಗೆ ಸವಾಲ್’. ಇದರ ಮೇಲೆ ನಮ್ಮ ಭಾಗಕ್ಕೆ ವಿಶೇಷ ಹಕ್ಕಿದೆ. ಈ ಚಿತ್ರದ ಮೂಲ ಪಿ.ಬಿ. ಧುತ್ತರಗಿ ಅವರ ಅದೇ ಹೆಸರಿನ ನಾಟಕ. ಧುತ್ತರಗಿಯವರು ಹುನಗುಂದ ತಾಲ್ಲೂಕಿನ ಸೂಳೇಬಾವಿಯವರು. (ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿಯ ಪಕ್ಕದ್ದು. ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ.) ವೃತ್ತಿ ರಂಗಭೂಮಿಯ ನಾಟಕ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಹೊತ್ತು ತಿರುಗಿದ ಕಥೆಯೊಂದು ಬೆಳ್ಳಿತೆರೆಗೆ ಹೋದಾಗ ಅದರ ಹಾಡುಗಳೂ ಆ ಮಣ್ಣಿನ ಗಟ್ಟಿತನವನ್ನು ಬಿಟ್ಟುಕೊಡಲಿಲ್ಲ. ಇದರ ಶ್ರೇಯಸ್ಸು ಜಿ.ಕೆ. ವೆಂಕಟೇಶ್ ಅವರಿಗೆ ಸಲ್ಲಬೇಕು. ‘ಯಾರೇ ಕೂಗಾಡಲಿ’ ಎಮ್ಮೆಯನ್ನು ಉದ್ದೇಶಿಸಿ ಹಾಡಿದ ಹಾಡು. ಅದನ್ನು ಚಿತ್ರದ ನಾಯಕ ರಾಜ್‌ಕುಮಾರ್ ಅವರೇ ಹಾಡಿದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಅವರು ಹಾಡಿದ್ದುಂಟು, ಆದರೆ ಅದಾದ ಮೇಲೆ ಅವರ ಹಾಡುಗಳಿಗೆ ಕಂಠ ಕೊಡುತ್ತ ಬಂದವರು ಮುಖ್ಯವಾಗಿ ಪಿ.ಬಿ. ಶ್ರೀನಿವಾಸ್ ಅವರೇ.

ನಾನು 1974ನ್ನು ಆರಿಸಿಕೊಳ್ಳಲು ಎಲ್ಲಕ್ಕಿಂತ ಬಲವಾದ ಕಾರಣ ಇಲ್ಲಿಯೇ ಇದೆ. ‘ಸಂಪತ್ತಿಗೆ ಸವಾಲ್’ ಆಲ್ಬಮ್ಮಿನಲ್ಲಿ ಒಂದೇ ಪಾತ್ರಕ್ಕೆ ಎರಡು ಕಂಠಗಳಿವೆ. ‘ರಾಜ ಮುದ್ದು ರಾಜ’ ಯುಗಳಗೀತೆಯಲ್ಲಿ ಜಾನಕಿಯವರ ಜೊತೆ ಇರುವುದು ಪಿ.ಬಿ. ಶ್ರೀನಿವಾಸ್; ಎಮ್ಮೆಯ ಹಾಡಿನಲ್ಲಿ ಇರುವುದು ಸ್ವತಃ ರಾಜ್‌ಕುಮಾರ್. ಒಂದು ಯುಗ ಇನ್ನೂ ಮುಗಿದಿಲ್ಲ, ಮುಂದಿನದು ಆಗಲೇ ಶುರುವಾಗಿದೆ. ಎರಡೂ ಒಂದೇ ಆಲ್ಬಮ್ಮಿನಲ್ಲಿ ಕೂಡಿವೆ. ಗುಬ್ಬಿ ನಾಟಕ ಕಂಪನಿಯ ರಂಗದ ಮೇಲೆ ಪಳಗಿದ ರಾಜ್‌ಕುಮಾರ್ ಅವರ ದನಿ ದೂರದವರೆಗೆ ಕೇಳಬೇಕಾದ ದನಿ. ಆ ಹಾಡಿನಲ್ಲಿ ಬರುವ ಕೂಗು, ದನ ಅಟ್ಟುವವರ ಉದ್ಗಾರ, ನಡುವೆ ಉಕ್ಕುವ ನಗು ಇವೆಲ್ಲ ಸ್ಟುಡಿಯೋ ಗಾಯಕನ ಕಂಠದಿಂದ ಬರುವಂಥವಲ್ಲ. ಮುಂದಿನ ವರ್ಷ ‘ಮಯೂರ’ದಲ್ಲಿ ಅದೇ ಜಿ.ಕೆ. ವೆಂಕಟೇಶ್ ಅವರು ಅದೇ ಕಂಠದಿಂದ ‘ನಾನಿರುವುದೆ ನಿಮಗಾಗಿ’ ಹಾಡಿಸಿದರು. 1992ರ ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ ರಾಜ್‌ಕುಮಾರ್ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂದಿತು. ಆ ದಾರಿಯ ಮೊದಲ ಹೆಜ್ಜೆ ಎಮ್ಮೆಯ ಹಾಡು ಎಂಬುದನ್ನು 1972ರ ಪರವಾಗಿ ಬರೆದ ಓದುಗರು ದಯವಿಟ್ಟು ಗಮನಿಸಬೇಕು.

ಇಷ್ಟಾದರೂ ಅದೇ ವರ್ಷದ ‘ಭಕ್ತ ಕುಂಬಾರ’ದಲ್ಲಿ ಪಿ.ಬಿ. ಶ್ರೀನಿವಾಸ್ ಅವರ ಗಾಯನವನ್ನು ಕೇಳಿದರೆ, ಈ ಕಂಠವನ್ನು ಬಿಟ್ಟು ಬೇರೆ ಕಂಠದ ಅಗತ್ಯವೇ ಇರಲಿಲ್ಲವಲ್ಲ ಎಂದೂ ಅನಿಸುತ್ತದೆ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಈ ಚಿತ್ರದ ಸಂಗೀತವೂ ಜಿ.ಕೆ. ವೆಂಕಟೇಶ್ ಅವರದೇ. ಪಂಢರಪುರದ ವಿಠ್ಠಲನ ಭಕ್ತನಾದ ಗೋರಾ ಕುಂಬಾರನ ಕಥೆ ಮೈಸೂರು, ಬೆಂಗಳೂರು ಕಡೆಯವರಿಗೆ ಒಂದು ಪೌರಾಣಿಕ ಚಿತ್ರವಾಗಿ ಕಂಡಿರಬಹುದು. ವಿಜಯಪುರ, ಬೆಳಗಾವಿ, ಬಾಗಲಕೋಟೆಯವರಿಗೆ ಅದು ಹಾಗಲ್ಲ. ಆಷಾಢ ಏಕಾದಶಿ ಹತ್ತಿರ ಬಂದಂತೆ ತಾಳ, ಪಖವಾಜ್ ಹಿಡಿದು, ಹೆಗಲ ಮೇಲೆ ಭಗವಾ ಪತಾಕೆ ಹೊತ್ತು ನಮ್ಮ ಊರುಗಳ ದಿಂಡಿಗಳು, ಅಂದರೆ ಭಜನೆ ಮಾಡುತ್ತ ನಡೆಯುವ ಯಾತ್ರಿಕರ ಗುಂಪುಗಳು, ಪಂಢರಪುರದ ದಾರಿ ಹಿಡಿಯುತ್ತವೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ವಾರಿಗೆ (ಈ ಕಾಲ್ನಡಿಗೆಯ ಯಾತ್ರೆಗೆ) ಹೋಗುವುದು ತಲೆಮಾರುಗಳಿಂದ ಬಂದ ನೇಮ. ಅಂಥವರ ಮಧ್ಯೆ ‘ಮಾನವಾ ಮೂಳೆ ಮಾಂಸದ ತಡಿಕೆ’ ಚಿತ್ರಗೀತೆಯಾಗಿ ಉಳಿಯಲಿಲ್ಲ. ಭಜನಾ ಮಂಡಳಿಗಳು ಅದನ್ನು ತಮ್ಮದಾಗಿ ಮಾಡಿಕೊಂಡವು. ಏಕತಾರಿ, ದಮ್ಮಡಿಗಳ ಜೊತೆ ಅದನ್ನು ಹಾಡುವ ಹಿರಿಯರಲ್ಲಿ ಕೆಲವರಿಗೆ ಅದು ಸಿನಿಮಾದ ಹಾಡು ಎಂಬುದೇ ಗೊತ್ತಿಲ್ಲ. ಚಿತ್ರಗೀತೆಯೊಂದಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಕಂಡಿಲ್ಲ.

ಪುಟ್ಟಣ್ಣ ಕಣಗಾಲ್ ಅವರ ‘ಉಪಾಸನೆ’ ಈ ಮೂರಕ್ಕಿಂತಲೂ ಬೇರೆ ಬಗೆಯದು. ವೀಣೆಗಾಗಿ ಬದುಕನ್ನೇ ಪಣಕ್ಕಿಡುವ ಹುಡುಗಿಯ ಕಥೆಯಾದ್ದರಿಂದ ವಿಜಯಭಾಸ್ಕರ್ ಅವರ ಸಂಗೀತ ಇಲ್ಲಿ ಕಥೆಗೆ ಅಲಂಕಾರವಾಗಿಲ್ಲ, ಕಥೆಯೇ ಆಗಿದೆ. ‘ಭಾರತ ಭೂಶಿರ ಮಂದಿರ ಸುಂದರಿ’ ಹಾಡಿನಲ್ಲಿ ಜಾನಕಿಯವರ ಕಂಠದ ತುಂಬುತನವನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಅದಕ್ಕಿಂತ ಪ್ರಿಯವಾದದ್ದು ಬಿ.ಕೆ. ಸುಮಿತ್ರಾ ಅವರು ಹಾಡಿರುವ ‘ಸಂಪಿಗೆ ಮರದ ಹಸಿರೆಲೆ ನಡುವೆ’. ಭಾವಗೀತೆಯ ಕಂಠವೊಂದು ಚಿತ್ರಗೀತೆಗೆ ಬಂದಾಗ ಸಾಹಿತ್ಯದ ಒಂದೊಂದು ಅಕ್ಷರವೂ ಎಷ್ಟು ಸ್ವಚ್ಛವಾಗಿ ಕೇಳುತ್ತದೆ ಎಂಬುದಕ್ಕೆ ಆ ಹಾಡನ್ನು ಸುಗಮ ಸಂಗೀತ ಕಲಿಯುವ ಮಕ್ಕಳಿಗೆ ಕೇಳಿಸಬೇಕು. ಉಳಿದಂತೆ ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (ಇದೂ ಜಿ.ಕೆ. ವೆಂಕಟೇಶ್ ಅವರದೇ) ಮತ್ತು ರಾಜನ್–ನಾಗೇಂದ್ರ ಅವರ ‘ಶ್ರೀ ಶ್ರೀನಿವಾಸ ಕಲ್ಯಾಣ’ ಆ ವರ್ಷದ ಪಟ್ಟಿಗೆ ಸೇರುತ್ತವೆ. ಅವುಗಳ ಕೆಲವು ಹಾಡುಗಳು ನನಗೆ ಇಷ್ಟ, ಆದರೆ ಇಡೀ ಆಲ್ಬಮ್ಮಾಗಿ ಮೇಲಿನವುಗಳ ಸಾಲಿನಲ್ಲಿ ಅವನ್ನು ಕೂರಿಸಲಾರೆ. ಒಬ್ಬ ಸಂಗೀತ ನಿರ್ದೇಶಕರು ಒಂದೇ ವರ್ಷದಲ್ಲಿ ಎಮ್ಮೆ ಕಾಯುವವನ ಹಾಡು, ಸಂತನ ಹಾಡು, ಮಲೆನಾಡಿನ ಹಳ್ಳಿಯ ಹಾಡು ಮೂರನ್ನೂ ಮೂರು ಬೇರೆ ದನಿಗಳಲ್ಲಿ ಕಟ್ಟಿಕೊಟ್ಟರು ಎಂಬುದನ್ನು ಮಾತ್ರ ಮರೆಯಬಾರದು. ಇಳಯರಾಜ ಅವರು ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಸಹಾಯಕರಾಗಿ ಕೆಲಸ ಮಾಡಿದ್ದು ಇದೇ ವೆಂಕಟೇಶ್ ಅವರ ಬಳಿ.

1972ರಲ್ಲಿ ಎರಡು ಶಿಖರಗಳಿವೆ ಎಂಬುದು ನಿಜ. 1974ರಲ್ಲಿ ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಅವರ ಮೂರು ಸಂಗೀತ ಶೈಲಿಗಳು ತಮ್ಮ ಪ್ರೌಢಿಮೆಯಲ್ಲಿ ಒಟ್ಟಿಗೆ ಕೆಲಸ ಮಾಡಿದವು, ಹಳೆಯ ಕಂಠ ತನ್ನ ಅತ್ಯುತ್ತಮವನ್ನು ಕೊಡುತ್ತಿರುವಾಗಲೇ ಹೊಸ ಕಂಠ ಹುಟ್ಟಿತು, ಕಾದಂಬರಿ, ಕಂಪನಿ ನಾಟಕ, ಸಂತರ ಪರಂಪರೆ ಮೂರೂ ಹಾಡಿಗೆ ಬಂದವು. ಅಂಥ ವರ್ಷ ನಮ್ಮಲ್ಲಿ ಇನ್ನೊಂದಿದ್ದರೆ ಯಾವ ಓದುಗರಾದರೂ ಬರೆದು ತಿಳಿಸಲಿ, ಸಂತೋಷದಿಂದ ಓದುತ್ತೇನೆ.

ಕೊನೆಯದಾಗಿ ಒಂದು ಅಹವಾಲು. ಮೊನ್ನೆ ನಮ್ಮ ಊರಿನ ಕಾರ್ಯಕ್ರಮವೊಂದರಲ್ಲಿ ‘ಬಾಡಿ ಹೋದ ಬಳ್ಳಿಯಿಂದ’ ಹಾಡನ್ನು ರಾಜ್‌ಕುಮಾರ್ ಅವರು ಹಾಡಿದ್ದು ಎಂದು ನಿರೂಪಕರು ಪರಿಚಯಿಸಿದರು. ಸಭೆಯಲ್ಲಿ ಯಾರೂ ತಿದ್ದಲಿಲ್ಲ. ನಾನು ಹಾಡು ಕೇಳುವ ಮೊಬೈಲ್ ಆ್ಯಪ್‌ನಲ್ಲೂ ಈ ಆಲ್ಬಮ್‌ಗಳ ಹಾಡುಗಳು ನಟರ ಹೆಸರಿನ ಸಂಗ್ರಹಗಳಲ್ಲಿ ಹಂಚಿಹೋಗಿವೆ. ಬರೆದವರ ಹೆಸರು ಹಲವೆಡೆ ಇಲ್ಲ, ರಾಗ ಹಾಕಿದವರ ಹೆಸರು ಕೆಲವೆಡೆ ತಪ್ಪಾಗಿದೆ. ಆಕಾಶವಾಣಿಯಲ್ಲಿ ಪ್ರತಿ ಹಾಡಿಗೂ ಮುನ್ನ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರ ಹೆಸರನ್ನು ಹೇಳುತ್ತಿದ್ದ ಶಿಸ್ತಿನಿಂದಲೇ ನಮ್ಮ ತಲೆಮಾರು ಈ ಹೆಸರುಗಳನ್ನು ಕಲಿತದ್ದು. ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಒಂದು ಅಂಕಣದಷ್ಟು ಜಾಗ ಕೊಟ್ಟು, ವಾರಕ್ಕೊಂದು ಹಳೆಯ ಆಲ್ಬಮ್ಮಿನ ಎಲ್ಲ ಹಾಡುಗಳನ್ನು ಅವುಗಳ ಕವಿ, ಸಂಗೀತ ನಿರ್ದೇಶಕ, ಗಾಯಕರ ಹೆಸರಿನೊಂದಿಗೆ ರಿಕಾರ್ಡಿನ ಮೇಲಿದ್ದ ಕ್ರಮದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ. ಹಳೆಯ ರಿಕಾರ್ಡುಗಳನ್ನು ಜೋಪಾನವಾಗಿ ಇಟ್ಟುಕೊಂಡವರು ವಿಜಯಪುರ, ಬೆಳಗಾವಿ, ಬಾಗಲಕೋಟೆ ಈ ಮೂರು ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಹೊದಿಕೆಯ ಮೇಲಿನ ವಿವರಗಳನ್ನು ಬರೆದು ಕಳಿಸಲು ಅವರು ಖಂಡಿತ ಮುಂದೆ ಬರುತ್ತಾರೆ. ಅಂಕಣ ‘ಎರಡು ಕನಸು’ವಿನಿಂದ ಆರಂಭವಾದರೆ ನನಗೆ ಬಹಳ ಸಂತೋಷವಾಗುತ್ತದೆ.

ತಮ್ಮ ವಿಶ್ವಾಸಿ,
ಚಿತ್ರಗೀತೆಗಳ ಅಭಿಮಾನಿ ಓದುಗ,
ವಿಜಯಪುರ