ವಿಜ್ಞಾನ ಮೇಳದಲ್ಲಿ ಗುಜರಿ ಬಿಡಿಭಾಗಗಳಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಹೋಂಡಾ ಅಕಾರ್ಡ್ ಕಾರಿನ 2003ರ ಜಾಹೀರಾತು ಈಗಲೂ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಒಂದು ಹಲ್ಲುಚಕ್ರ ಉರುಳಿ ಇನ್ನೊಂದಕ್ಕೆ ತಾಗುತ್ತದೆ, ಅದು ಮತ್ತೊಂದನ್ನು ತಳ್ಳುತ್ತದೆ, ಎರಡು ನಿಮಿಷದ ಕೊನೆಗೆ ಇಡೀ ಕಾರೇ ಉರುಳಿ ಬಂದು ನಿಲ್ಲುತ್ತದೆ. ಎಲ್ಲ ಕಂಪ್ಯೂಟರಿನ ಕೈಚಳಕ ಎಂದು ವಿದ್ಯಾರ್ಥಿಗಳು ತಳ್ಳಿಹಾಕುತ್ತಾರೆ. ಖಂಡಿತ ಅಲ್ಲ. ನಿರ್ದೇಶಕ ಆಂಟ್ವಾನ್ ಬಾರ್ದೂ-ಜಾಕೆ ಪ್ಯಾರಿಸ್‌ನ ಸ್ಟುಡಿಯೋದಲ್ಲಿ ನಿಜವಾದ ಬಿಡಿಭಾಗಗಳನ್ನೇ ಜೋಡಿಸಿ, ನೂರಾರು ಟೇಕ್ ತೆಗೆದು ಮಾಡಿದ ಕೆಲಸ ಅದು. ಜಾಗ ಸಾಲದೆ ಎರಡು ಶಾಟ್‌ಗಳಾಗಿ ತೆಗೆದು, ಸೈಲೆನ್ಸರ್ ಉರುಳುವಲ್ಲಿ ಕಂಪ್ಯೂಟರಿನಲ್ಲಿ ಬೆಸೆದರು.

ಜನ ಹೆಚ್ಚು ಅನುಮಾನಿಸುವುದು ಟೈರುಗಳು ತಾವಾಗಿ ಏರು ಹತ್ತುವ ದೃಶ್ಯವನ್ನು. ಅಲ್ಲಿ ಟೈರಿನೊಳಗೆ ಭಾರ ಅಡಗಿಸಿದ್ದರು. ಮಂಗಳೂರು, ಉಡುಪಿಯ ಯಾವ ಐಟಿಐ ವರ್ಕ್‌ಶಾಪಿನಲ್ಲೂ ಇದನ್ನು ಮಾಡಿ ತೋರಿಸಬಹುದು. 8 ಕಿಲೋ ತೂಕದ, ಮಧ್ಯದಿಂದ ಅಂಚಿಗೆ 30 ಸೆಂ.ಮೀ. ಇರುವ ಹಳೇ ಟೈರು ತೆಗೆದುಕೊಳ್ಳಿ. ಒಳಮೈಯಲ್ಲಿ, ಮಧ್ಯದಿಂದ 25 ಸೆಂ.ಮೀ. ದೂರಕ್ಕೆ 2 ಕಿಲೋ ಕಬ್ಬಿಣದ ಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿಯಿರಿ. ಹಲಗೆಯ ಏರು 20ಕ್ಕೆ 1 ಇರಲಿ. ಭಾರ ನೆತ್ತಿಯಿಂದ ಏರಿನ ಕಡೆಗೆ ಸುಮಾರು 17 ಡಿಗ್ರಿ ದಾಟಿತೋ, ಟೈರು ಮೇಲಕ್ಕೆ ಉರುಳತೊಡಗುತ್ತದೆ. ಭಾರ ಕೆಳಗಿಳಿಯುವಷ್ಟರಲ್ಲಿ 70 ಸೆಂ.ಮೀ.ಗಿಂತ ಹೆಚ್ಚು ಸಾಗಿರುತ್ತದೆ. ಸರದಿ ಬರುವ ಮೊದಲೇ ಹೊರಡದಂತೆ ಭಾರವನ್ನು 10–12 ಡಿಗ್ರಿಯಲ್ಲಿಟ್ಟು, ಟೈರು ಹಿಂದೆ ಜಾರದಂತೆ ಸಣ್ಣ ಮರದ ಬೆಣೆ ಕೊಡಬೇಕು; ಹಿಂದಿನ ಟೈರು ತಾಗಿದಾಗ ಉಳಿದ ಡಿಗ್ರಿಗಳು ತಾವಾಗಿ ದಾಟುತ್ತವೆ. ಟೈರಿನ ನಡುವಿನ ಅಂತರ ಅರ್ಧ ಮೀಟರಿನೊಳಗೆ ಇದ್ದರೆ ಸಾಕು. ರಿಮ್ ಇಲ್ಲದ ಟೈರನ್ನು ರಾತ್ರಿಯಿಡೀ ನಿಲ್ಲಿಸಬೇಡಿ, ಚಪ್ಪಟೆಯಾಗಿ ಬೆಳಿಗ್ಗೆ ಅಲುಗುವುದೇ ಇಲ್ಲ. ಮಲಗಿಸಿಡಬೇಕು.

ಎಂಜಿನ್ ವಾಲ್ವ್ ಇನ್ನೊಂದು ಪೇಚು. ತಲೆ ದಪ್ಪ, ಕಾಂಡ ಸಪೂರ. ಹಲಗೆಯ ಮೇಲೆ ಬಿಟ್ಟರೆ ನೇರ ಹೋಗದೆ ಸುತ್ತು ಹೊಡೆಯುತ್ತದೆ. ತಲೆ 30 ಮಿ.ಮೀ., ಕಾಂಡ 6 ಮಿ.ಮೀ., ಉದ್ದ 100 ಮಿ.ಮೀ. ಇದ್ದರೆ ಆ ಸುತ್ತಿನ ತ್ರಿಜ್ಯ ಸುಮಾರು 12 ಸೆಂ.ಮೀ. ಅದನ್ನು ನೇರ ಓಡಿಸಲು ಎರಡು ಸರಳುಗಳ ಮೇಲೆ ಕಾಂಡ ಮಾತ್ರ ಕೂರಬೇಕು, ತಲೆ ಹೊರಗೆ ತೂಗಬೇಕು. ಒಂದು ಸರಳು ತಲೆಗೆ ಒತ್ತಾಗಿ ಇರದಿದ್ದರೆ ವಾಲ್ವ್ ಮಗುಚಿ ಬೀಳುತ್ತದೆ.

ನೆಲ ರಸಮಟ್ಟಕ್ಕೆ ಸರಿಯಾಗಿರಬೇಕು, ಫ್ಯಾನ್ ಆಫ್ ಆಗಿರಬೇಕು. ಬೇರಿಂಗ್ ಗುಂಡುಗಳ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಚೆನ್ನಾಗಿ ಉರುಳುತ್ತವೆ, ಆದರೆ ನಮ್ಮ ಕರಾವಳಿಯ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಓಟಕ್ಕೆ ಸ್ವಲ್ಪ ಮುಂಚೆ ತೊಳೆಯುವುದೇ ಒಳ್ಳೆಯದು. ಪ್ಲೈವುಡ್ ಇಳಿಜಾರು ಉಬ್ಬಿ ಬಾಗದಂತೆ ಎರಡೂ ಮೈಗೆ, ಅಂಚಿಗೆ ಕೂಡ, ವಾರ್ನಿಷ್ ಬೇಕು. ಜೋಡಿಸುವಾಗ ಅಲ್ಲಲ್ಲಿ ಒಂದೊಂದು ತುಂಡು ತೆಗೆದಿಡಿ. ಯಾರದೋ ಕೈ ತಾಗಿದರೂ ಸರಣಿ ಪೂರ್ತಿ ಓಡಿಹೋಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಸೋಲು ಇದ್ದೇ ಇದೆ, ಅದಕ್ಕೆ ಲೆಕ್ಕವೂ ಇದೆ. 40 ಹಂತಗಳ ಸರಣಿಯಲ್ಲಿ ಪ್ರತಿ ಹಂತ ನೂರಕ್ಕೆ 95 ಸಲ ಸರಿಯಾಗಿ ನಡೆದರೂ, ಪೂರ್ತಿ ಓಟ ಗೆಲ್ಲುವುದು ಎಂಟರಲ್ಲಿ ಒಂದು ಸಲ ಮಾತ್ರ. ನೂರಕ್ಕೆ 99ಕ್ಕೆ ಏರಿಸಿದರೆ ಮೂರರಲ್ಲಿ ಎರಡು ಸಲ ಗೆಲ್ಲುತ್ತದೆ. ಆ ನಾಲ್ಕು ಅಂಕಗಳ ಅಂತರವನ್ನು ಬೆವರು ಸುರಿಸಿ ಸಂಪಾದಿಸುವುದೇ ಎಂಜಿನಿಯರಿಂಗ್ ಶಿಕ್ಷಣ ಎಂದು ನಾವು ನಂಬಿದ್ದೇವೆ. ಅಂಗಡಿಯಿಂದ ತಂದ ಥರ್ಮಾಕೋಲ್ ಮಾದರಿಯ ಮುಂದೆ ನಿಂತು ಬಾಯಿಪಾಠ ಒಪ್ಪಿಸುವವರಿಗೆ ಅದು ದಕ್ಕುವುದಿಲ್ಲ.

ಹಾಗಾಗಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ವಿಜ್ಞಾನ ಮೇಳಗಳ ಆಯೋಜಕರಲ್ಲಿ, ಪಿಲಿಕುಳದ ವಿಜ್ಞಾನ ಕೇಂದ್ರದವರಲ್ಲಿ ಒಂದು ಕೋರಿಕೆ. ಗುಜರಿ ಬಿಡಿಭಾಗಗಳ ಸರಣಿ ಓಟಕ್ಕೆ ಪ್ರತ್ಯೇಕ ವಿಭಾಗ ತೆರೆಯಿರಿ. ತಂಡಗಳಿಗೆ ಹಿಂದಿನ ದಿನವೇ ಜಾಗ ಬಿಟ್ಟುಕೊಡಿ, ಏಕೆಂದರೆ ಬೇರೆ ನೆಲದಲ್ಲಿ ಹೊಂದಿಸಿದ್ದು ಇಲ್ಲಿ ಓಡುವುದಿಲ್ಲ. ತಂಡಕ್ಕೆ ಮೂರು ಓಟ ಕೊಟ್ಟು, ಎಡವಿದ ಹಂತವನ್ನು ಮುಂದಿನ ಓಟಕ್ಕೆ ಹೇಗೆ ಸರಿಪಡಿಸಿದರು ಎಂಬುದಕ್ಕೇ ಹೆಚ್ಚು ಅಂಕ ಇಡಿ.

— ಮೆಕ್ಯಾನಿಕಲ್ ವಿಭಾಗದ ಕೆಲವು ಉಪನ್ಯಾಸಕರು, ಮಂಗಳೂರು