ಅಜ್ಜ ಕೇಳಿದ್ದು, ನೀನು ಕೇಳಿದ್ದು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ದೊಡ್ಡಮ್ಮಾ, ಈ ತತ್ವಶಾಸ್ತ್ರ ಓದಿ ಏನು ಸಿಗುತ್ತೆ? ದಿನಾ ಬದುಕೋಕೆ ಅದು ಬೇಕಾ?" ಅಂದೆ. ಏನೋ ಒಂದು ಹೇಳಿ ಮಾತು ಮುಗಿಸಿದೆ. ರಾತ್ರಿ ಮಲಗಿದಾಗ ನೆನಪಾಯಿತು, ಅದಕ್ಕೂ ಹತ್ತು ನಿಮಿಷ ಮೊದಲು ಗೆಳತಿಯ ಮೇಲಿನ ಸಿಟ್ಟಿನಲ್ಲಿ ನೀನು ಇನ್ನೊಂದು ಮಾತು ಹೇಳಿದ್ದೆ: "ಎಲ್ಲರೂ ಸ್ವಾರ್ಥಿಗಳೇ, ಒಳ್ಳೆಯವರ ಥರ ಕಾಣೋರೂ ತಮ್ಮ ಖುಷಿಗೇ ಎಲ್ಲಾ ಮಾಡೋದು." ಆ ಮಾತು ಆಡಿದಾಗಲೇ ನೀನು ತತ್ವಶಾಸ್ತ್ರದೊಳಗೆ ಕಾಲಿಟ್ಟಾಗಿತ್ತು ಕಣೇ. ಬೇಕೋ ಬೇಡವೋ ಅಂತ ಕೇಳಿದ್ದು ಆಮೇಲೆ.

ಆ ಮಾತನ್ನೇ ಹಿಡಿದು ನೋಡೋಣ. ಎಲ್ಲರೂ ಸ್ವಾರ್ಥಿಗಳು ಅಂತ ನಿನಗೆ ಹೇಗೆ ಗೊತ್ತು? ಒಬ್ಬಳು ಗೆಳತಿ ಕೈಕೊಟ್ಟಳು, ಒಬ್ಬಳಿಂದ ಎಲ್ಲರಿಗೂ ಹಾರಿದೆ. ಅದು ಹೋಗಲಿ. ಚಿಕ್ಕವಳಿದ್ದಾಗ ನಿನಗೆ ಜ್ವರ ಬಂದು ನಾಲ್ಕು ರಾತ್ರಿ ನಿನ್ನಮ್ಮ ಕಣ್ಣು ಮುಚ್ಚದೆ ಪಕ್ಕದಲ್ಲೇ ಕೂತಿದ್ದಳು. ಅದೂ ಸ್ವಾರ್ಥವಾ ಅಂತ ಕೇಳಿದರೆ ನೀನು ಹೇಳೋದು ನನಗೆ ಗೊತ್ತು: ನಾನು ಹುಷಾರಾದರೆ ಅಮ್ಮನಿಗೆ ಖುಷಿ, ಆ ಖುಷಿಗೇ ಕೂತಿದ್ದು ಅಂತ. ಇಂಥ ವಾದಕ್ಕೆ ಜೋಸೆಫ್ ಬಟ್ಲರ್ ಎಂಬ ಇಂಗ್ಲೆಂಡಿನ ಪಾದ್ರಿ 1726ರಷ್ಟು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅದನ್ನು ನಮ್ಮ ಮನೆ ಮಾತಿನಲ್ಲಿ ಹೇಳುತ್ತೇನೆ. ನೀನು ಹುಷಾರಾದದ್ದರಿಂದ ಅಮ್ಮನಿಗೆ ಖುಷಿಯಾಗಬೇಕಾದರೆ, ನೀನು ಹುಷಾರಾಗಲಿ ಅನ್ನೋ ಆಸೆ ಅವಳಲ್ಲಿ ಮೊದಲೇ ಇರಬೇಕು. ನಿನ್ನ ಮೇಲೆ ಅಕ್ಕರೆಯೇ ಇಲ್ಲದಿದ್ದರೆ ನೀನು ಎದ್ದು ಓಡಾಡಿದರೆಷ್ಟು, ಬಿಟ್ಟರೆಷ್ಟು? ಅಕ್ಕರೆ ಮುಂದೆ ಇತ್ತು, ಖುಷಿ ಅದರ ಹಿಂದೆ ಬಂತು.

ಇನ್ನೂ ಒಂದಿದೆ. ಬೇರೆಯವರಿಗಾಗಿ ಜೀವ ಕೊಟ್ಟವನೂ ಸ್ವಾರ್ಥಿ, ಜೇಬಿಗೆ ಕತ್ತರಿ ಹಾಕಿದವನೂ ಸ್ವಾರ್ಥಿ ಅಂದುಬಿಟ್ಟರೆ ಆ ಪದಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಆಗ ನಿನ್ನ ಗೆಳತಿಯನ್ನು ಬಯ್ಯೋಕೂ ನಿನಗೆ ದಾರಿ ಇಲ್ಲ, ಅಲ್ವಾ? ಎಲ್ಲರೂ ಹಾಗೇ ಅಂದಮೇಲೆ ಅವಳದೇನು ತಪ್ಪು? ನಿನಗೆ ನೋವಾದದ್ದು ನಿಜ. ಆದರೆ ನೋವಾದದ್ದೇ, ಹಾಗಲ್ಲದೆ ನಡೆದುಕೊಳ್ಳುವವರೂ ಇರುತ್ತಾರೆ ಅಂತ ನೀನು ನಂಬಿದ್ದರಿಂದ.

ಈಗ ನಾವು ಮಾಡಿದೆವಲ್ಲ, ನಾನು ತತ್ವಶಾಸ್ತ್ರ ಅನ್ನೋದು ಇದನ್ನೇ. ಸುಮ್ನೆ ಬಾಯಿಗೆ ಬಂದ ಮಾತನ್ನು ತಡೆದು ನಿಲ್ಲಿಸಿ, ಹೀಗಂದರೆ ಏನು, ಇದು ನಿನಗೆ ಹೇಗೆ ಗೊತ್ತು ಅಂತ ಕೇಳುವುದು. ಗ್ರೀಕರು ಅದಕ್ಕೆ ಇಟ್ಟ ಹೆಸರಿನ ಅರ್ಥ ತಿಳಿವಿನ ಮೇಲಿನ ಪ್ರೀತಿ. ನಮ್ಮವರು ದರ್ಶನ ಅಂದರು, ಅಂದರೆ ನೋಡುವುದು. ನನಗೆ ಎರಡನೆಯದೇ ಜಾಸ್ತಿ ಇಷ್ಟ.

ಒಂದು ಪದ ತೋರಿಸುತ್ತೇನೆ ನೋಡು. ಅನುಮಾನ. ನಾವು ಅದನ್ನು ಸಂಶಯಕ್ಕೆ ಬಳಸುತ್ತೇವೆ, "ಅವನ ಮೇಲೆ ನನಗೆ ಅನುಮಾನ" ಅಂತ. ನ್ಯಾಯದರ್ಶನದಲ್ಲಿ, ಅಂದರೆ ತರ್ಕಕ್ಕೆ ಹೆಸರಾದ ನಮ್ಮ ಹಳೆಯ ದರ್ಶನದಲ್ಲಿ, ಅದರ ಅರ್ಥವೇ ಬೇರೆ: ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ಗೊತ್ತಾಗುವುದು. ಕಂಡದ್ದು ಹೊಗೆಯಲ್ಲ, ಮಂಜು ಅಂತಾದರೆ ಅಲ್ಲಿಗೆ ಮುಗಿಯಿತು. ನೀನು ಕಳಿಸಿದ ಮೆಸೇಜಿಗೆ ಮೂರು ಗಂಟೆ ಉತ್ತರ ಬರದಿದ್ದರೆ "ನನ್ನನ್ನು ಬೇಕೂಂತಲೇ ದೂರ ಇಡುತ್ತಿದ್ದಾಳೆ" ಅಂದುಕೊಳ್ಳುತ್ತೀಯಲ್ಲ, ಆಗ ಕೇಳಿಕೊ, ನೀನು ನೋಡಿದ್ದು ಹೊಗೆಯೋ ಮಂಜೋ? ಎಷ್ಟು ಸಂಸಾರಗಳು, ಎಷ್ಟು ಸ್ನೇಹಗಳು ಮಂಜನ್ನು ಹೊಗೆ ಅಂದುಕೊಂಡು ಹಾಳಾಗಿವೆಯೋ.

ಅದೇ ದರ್ಶನ ಆಪ್ತನ ಮಾತನ್ನೂ ತಿಳಿವಿನ ಒಂದು ದಾರಿಯಾಗಿ ಒಪ್ಪುತ್ತದೆ. ಆದರೆ ಅಲ್ಲಿ ಆಪ್ತ ಅಂದರೆ ಹತ್ತಿರದವನು ಅಂತಲ್ಲ. ವಿಷಯ ಸ್ವತಃ ಬಲ್ಲವನು, ಬಲ್ಲದ್ದನ್ನು ಇದ್ದಂತೆ ಹೇಳಬೇಕು ಅನ್ನುವವನು. ನಮ್ಮ ಮನೆಯ ಗ್ರೂಪಿಗೆ ಬರುವ ಔಷಧಿಯ ಮೆಸೇಜುಗಳನ್ನು ಹತ್ತಿರದವರೇ ಕಳಿಸುತ್ತಾರೆ, ಪ್ರೀತಿಯಿಂದಲೇ ಕಳಿಸುತ್ತಾರೆ. ಈ ಅರ್ಥದಲ್ಲಿ ಅವರು ಆಪ್ತರೇ ಅಂತ ಒಂದು ಗಳಿಗೆ ಯೋಚಿಸು.

ವಿತಂಡವಾದ ಅಂತೀವಲ್ಲ, ಅದೂ ಅಲ್ಲಿಂದಲೇ ಬಂದದ್ದು. ನಿಜ ತಿಳಿಯಲು ಆಡುವ ಮಾತು ವಾದ, ಗೆಲ್ಲಲಿಕ್ಕೆ ಆಡಿದರೆ ಜಲ್ಪ, ತನ್ನದು ಅಂತ ಏನೂ ಇಲ್ಲದೆ ಎದುರಿನವರದ್ದನ್ನು ಕೆಡವುವುದಷ್ಟೇ ಕೆಲಸ ಆದರೆ ವಿತಂಡ. ಗೆಳತಿಯ ಹತ್ತಿರ ಮಾತಾಡಲು ಹೋಗುತ್ತೀಯಲ್ಲ, ಮೂರರಲ್ಲಿ ಯಾವುದಕ್ಕೆ ಹೋಗುತ್ತಿದ್ದೀಯ ಅಂತ ಮೊದಲು ನೋಡಿಕೊ.

ಇನ್ನು ಅಜ್ಜನ ವಿಷಯ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಕಾಯಿಲೆ ವಾಸಿಯಾಗುವುದಿಲ್ಲ ಅಂತ ಡಾಕ್ಟರು ನಮಗೆ ಹೇಳಿದಾಗ ನಾನು, ನಿನ್ನಮ್ಮ ಇಬ್ಬರೂ ಸೇರಿ ಅಜ್ಜನಿಗೆ ಹೇಳಬಾರದು ಅಂತ ತೀರ್ಮಾನ ಮಾಡಿದೆವು. ಒಂದು ರಾತ್ರಿ ನಾನೊಬ್ಬಳೇ ಇದ್ದೆ. ಅಜ್ಜ ನನ್ನ ಮಣಿಕಟ್ಟು ಹಿಡಿದು, "ನಿಜ ಹೇಳು ಮಗಾ, ನನಗೆ ಎಷ್ಟು ದಿನ ಇದೆ?" ಅಂದರು. ನಾನು ಲೋಟಕ್ಕೆ ನೀರು ಬಗ್ಗಿಸಿದೆ. ನೀರು ತುಂಬಿ ಚೆಲ್ಲಿತು, ಅದನ್ನು ಒರೆಸುತ್ತಾ "ಏನೂ ಆಗಲ್ಲ, ಮಲಗಿ" ಅಂದೆ. ಅವರು ಕೈ ಬಿಟ್ಟು ಗೋಡೆ ಕಡೆ ತಿರುಗಿದರು. ಮತ್ತೆ ಕೇಳಲಿಲ್ಲ.

ಅವರು ಹೋದಮೇಲೆ ನಾನು ತತ್ವಶಾಸ್ತ್ರದ ಪುಸ್ತಕಗಳ ಹತ್ತಿರ ಹೋದದ್ದು. ಕಾಂಟ್ ಎಂಬ ಜರ್ಮನ್ ತತ್ವಜ್ಞಾನಿ 1797ರಲ್ಲಿ ಒಂದು ಲೇಖನ ಬರೆದರು. ಕೊಲೆಗಾರ ಬಾಗಿಲಿಗೆ ಬಂದು, ನಿನ್ನ ಮನೆಯಲ್ಲಿ ಅಡಗಿರುವ ಸ್ನೇಹಿತ ಎಲ್ಲಿ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತಾರೆ ಅದರಲ್ಲಿ. ಅಷ್ಟು ಕಟ್ಟುನಿಟ್ಟು ನನ್ನಿಂದಾಗದು. ಜಾನ್ ಸ್ಟುವರ್ಟ್ ಮಿಲ್ ಎಂಬ ಇಂಗ್ಲೆಂಡಿನ ತತ್ವಜ್ಞಾನಿ ಬೇರೆ ದಾರಿ ಹಿಡಿದರು. ನಿಜ ಹೇಳುವುದು ಬಹಳ ದೊಡ್ಡದು, ಆದರೂ ಅದಕ್ಕೆ ಕೆಲವು ವಿನಾಯಿತಿ ಇವೆ ಅಂದರು. ಕಾಯಿಲೆ ಜೋರಾಗಿರುವವರಿಂದ ಕೆಟ್ಟ ಸುದ್ದಿ ಮುಚ್ಚಿಡುವುದನ್ನೇ ಉದಾಹರಣೆ ಕೊಟ್ಟರು. ಅದನ್ನು ಓದಿದ ದಿನ ಅಬ್ಬಾ ಅಂತ ಉಸಿರು ಬಿಟ್ಟೆ. ಮತ್ತೆ ಓದಿದಾಗ ಸಮಾಧಾನ ಉಳಿಯಲಿಲ್ಲ. ಮುಚ್ಚಿಟ್ಟರೆ ಆ ಮನುಷ್ಯನಿಗೆ ದೊಡ್ಡ ಕೇಡು ತಪ್ಪಬೇಕು, ಆಗಷ್ಟೇ ಅದು ಸರಿ ಅಂತಾರೆ ಮಿಲ್. ಅಜ್ಜನಿಗೆ ಯಾವ ಕೇಡು ತಪ್ಪಿತು? ಅವರಿಗೆ ಆಗಲೇ ಗೊತ್ತಿತ್ತು, ಇಲ್ಲದಿದ್ದರೆ ಹಾಗೆ ಕೇಳುತ್ತಿರಲಿಲ್ಲ. ತಪ್ಪಿದ್ದು ನನಗೆ, ಆ ಮಾತು ಆಡುವ ಕಷ್ಟ. ಅವರ ಒಳ್ಳೆಯದಕ್ಕೆ ಅಂತ ಹೇಳಿಕೊಂಡು ನಾನು ನನ್ನನ್ನೇ ಉಳಿಸಿಕೊಂಡಿದ್ದೆ. ಯಾರಿಗಾದರೂ ಹೇಳಬೇಕಾದ್ದು ಇತ್ತೋ, ಯಾರನ್ನಾದರೂ ನೋಡಬೇಕಿತ್ತೋ, ಅವರು ಅದನ್ನು ತಮ್ಮೊಳಗೇ ಇಟ್ಟುಕೊಂಡು ಹೋದರು.

ದಿನಾ ಬದುಕೋಕೆ ಅದು ಬೇಕಾ ಅಂದೆ ನೀನು. ಇಂಥ ಪ್ರಶ್ನೆ ರಾತ್ರಿ ಹೊತ್ತು, ಕೈ ಹಿಡಿದುಕೊಂಡು ಬರುತ್ತದೆ ಪುಟ್ಟಿ. ಆಗ ಕೂತು ಓದಲು ಸಮಯ ಇರುವುದಿಲ್ಲ. "ಯಾರ ಒಳ್ಳೆಯದಕ್ಕೆ?" ಅಂತ ಕೇಳಿಕೊಳ್ಳುವ ಅಭ್ಯಾಸ ನನಗೆ ಅದಕ್ಕೂ ಮೊದಲೇ ಇದ್ದಿದ್ದರೆ ಅಂದು ನೀರು ಬಗ್ಗಿಸುತ್ತಿರಲಿಲ್ಲ, ಪಕ್ಕದಲ್ಲಿ ಕೂರುತ್ತಿದ್ದೆ ಅಂತ ಅನ್ನಿಸುತ್ತದೆ.

ನಿನ್ನಮ್ಮ ಇವತ್ತಿಗೂ ನಾವು ಮಾಡಿದ್ದೇ ಸರಿ ಅನ್ನುತ್ತಾಳೆ, ಅವಳ ಮಾತಿನಲ್ಲೂ ತೂಕ ಇದೆ. ನೀನು ನನ್ನ ಜಾಗದಲ್ಲಿದ್ದಿದ್ದರೆ ಅಜ್ಜನಿಗೆ ಏನು ಹೇಳುತ್ತಿದ್ದೆ? ನಿಧಾನವಾಗಿ ಯೋಚಿಸಿ ಬರೆ.

ನಿನ್ನ,
ದೊಡ್ಡಮ್ಮ