ನಾಲ್ಕು ನಿಮಿಷದ ಹಾಡಿನ ಪರವಾಗಿ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಬ್ರಿಟನ್ನಿನ ರಾಕ್ ಬ್ಯಾಂಡ್ ಏಷ್ಯಾದ ಮೊದಲ ಆಲ್ಬಂ ಬರೀ ದುಡ್ಡಿಗಾಗಿ ಮಾಡಿದ್ದು, ಉದ್ದುದ್ದ ಹಾಡು ನುಡಿಸುತ್ತಿದ್ದವರು ಮನಸ್ಸಿಲ್ಲದೆ ನಾಲ್ಕು ನಿಮಿಷದ ಹಾಡಿಗೆ ಇಳಿದರು ಅಂತ ಬರೆದಿದ್ದೀಯ. ಆ ಮಾತು ನನಗೆ ಒಪ್ಪಿಗೆಯಿಲ್ಲ. ನಿನ್ನ ಕಿವಿಯ ಮೇಲೆ ನನಗೆ ನಂಬಿಕೆ ಜಾಸ್ತಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ನಾಲ್ವರು ಎಲ್ಲಿಂದ ಬಂದವರು ನೋಡು. ಗಾಯಕ ಜಾನ್ ವೆಟ್ಟನ್ ಕಿಂಗ್ ಕ್ರಿಮ್ಸನ್ ಬ್ಯಾಂಡಿನಲ್ಲಿ 12 ನಿಮಿಷದ 'ಸ್ಟಾರ್‌ಲೆಸ್' ಹಾಡಿದವನು. ಗಿಟಾರಿನ ಸ್ಟೀವ್ ಹೌ ಯೆಸ್ ಬ್ಯಾಂಡಿನಲ್ಲಿದ್ದಾಗ 'ಕ್ಲೋಸ್ ಟು ದಿ ಎಡ್ಜ್' ಅನ್ನೋ ಒಂದೇ ಹಾಡು ಎಲ್‌ಪಿಯ ಒಂದಿಡೀ ಬದಿ ತುಂಬಿತ್ತು. ಡ್ರಮ್ಸ್‌ಗೆ ಎಮರ್ಸನ್, ಲೇಕ್ ಅಂಡ್ ಪಾಮರ್ ಬ್ಯಾಂಡಿನ ಕಾರ್ಲ್ ಪಾಮರ್. ಕೀಬೋರ್ಡಿನ ಜೆಫ್ ಡೌನ್ಸ್ ಮಾತ್ರ ಪಾಪ್ ಕಡೆಯವನು. 1981ರ ಆಗಸ್ಟ್ 1ರಂದು ಅಮೆರಿಕದ ಸಂಗೀತ ಚಾನೆಲ್ ಎಂಟಿವಿ ಶುರುವಾದಾಗ ಮೊದಲು ತೋರಿಸಿದ್ದು ಅವನಿದ್ದ ಬಗಲ್ಸ್ ತಂಡದ ವಿಡಿಯೊ.

ಅಷ್ಟು ಹೊತ್ತಿಗೆ ಇವರೆಲ್ಲ ಹಳೆಯ ಬ್ಯಾಂಡುಗಳಿಂದ ಹೊರಬಂದಿದ್ದರು. ವೆಟ್ಟನ್, ಹೌ, ಪಾಮರ್ ಮೂವರೂ ಮೂವತ್ತು ದಾಟಿದವರು. ಅಮೆರಿಕದ ರೇಡಿಯೊಗೆ ಬೇಕಾಗಿದ್ದು ಚಿಕ್ಕ ಹಾಡು, ದೊಡ್ಡ ಪಲ್ಲವಿ. ನಿರ್ಮಾಪಕನಾಗಿ ಬಂದ ಮೈಕ್ ಸ್ಟೋನ್ ಅದಕ್ಕೆ ಸ್ವಲ್ಪ ಮೊದಲು ಅಮೆರಿಕದ ರಾಕ್ ಬ್ಯಾಂಡ್ ಜರ್ನಿಯ 'ಎಸ್ಕೇಪ್' ಆಲ್ಬಂ ಮೇಲೆ ಕೆಲಸ ಮಾಡಿದ್ದವನು. ಹೌದು, ಗೆಲ್ಲಲೇಬೇಕು ಅಂತಲೇ ಹೊರಟಿದ್ದರು. 1982ರಲ್ಲಿ ಬಂದ ಆಲ್ಬಂ ಅಮೆರಿಕದಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. ಗೆಲ್ಲಬೇಕು ಅಂದುಕೊಂಡ ಮಾತ್ರಕ್ಕೆ ಅದರೊಳಗಿನ ಸಂಗೀತ ಸುಳ್ಳಾಗಿಬಿಡುತ್ತಾ?

ಆ ಆಲ್ಬಂನ 'ಹೀಟ್ ಆಫ್ ದಿ ಮೊಮೆಂಟ್' ಇನ್ನೊಮ್ಮೆ ಕೇಳು. ಮೊದಲ ಸಾಲಲ್ಲೇ ವೆಟ್ಟನ್ ಕ್ಷಮೆ ಕೇಳುತ್ತಾನೆ. ಕ್ರಿಮ್ಸನ್‌ನಲ್ಲಿ ಕತ್ತಲೆಯ ಬಗ್ಗೆ ಹಾಡುತ್ತಿದ್ದ ಅದೇ ದನಿ ಇಲ್ಲಿ ಒಬ್ಬಳಿಗೆ ನೇರವಾಗಿ ಮಾತಾಡುತ್ತದೆ. ಆ ದನಿಗೆ ಭಾರ ಇಲ್ಲದಿದ್ದರೆ ಅಷ್ಟು ಸರಳ ಮಾತು ನಿಲ್ಲುತ್ತಲೇ ಇರಲಿಲ್ಲ. ಹೌ ಏನು ಮಾಡುತ್ತಾನೆ ಗಮನಿಸು. ಐದು ನಿಮಿಷ ನುಡಿಸಬಲ್ಲವನು ಕೆಲವೇ ಸೆಕೆಂಡುಗಳಲ್ಲಿ ಹೇಳಬೇಕಾದ್ದು ಹೇಳಿ ಸರಿದು ನಿಲ್ಲುತ್ತಾನೆ. 'ವೈಲ್ಡೆಸ್ಟ್ ಡ್ರೀಮ್ಸ್'ನಲ್ಲಿ ಪಾಮರ್ ಡ್ರಮ್ಸ್ ಮೇಲೆ ಮುಗಿಬೀಳುವುದು ಕೇಳು. ಆಮೇಲೆ 'ಕಟಿಂಗ್ ಇಟ್ ಫೈನ್'. ಹಾಡು ಮುಗಿಯಿತು ಅನ್ನುವಾಗ ದನಿ ನಿಂತು ಡೌನ್ಸ್‌ನ ಕೀಬೋರ್ಡ್ ನಿಧಾನಕ್ಕೆ ಬೇರೊಂದು ದಾರಿ ಹಿಡಿಯುತ್ತದೆ. ಅದು ಬೇಕು ಅಂತ ಯಾವ ರೇಡಿಯೊ ಕೇಂದ್ರವೂ ಕೇಳಿರಲಿಲ್ಲ. ಹಳೆಯ ಅಭ್ಯಾಸ, ಅದು ತಾನಾಗಿಯೇ ಬಂತು.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಏಷ್ಯಾದ ಎರಡನೇ ಆಲ್ಬಂ, 1983ರ 'ಆಲ್ಫಾ' ನನಗೆ ತುಂಬ ನುಣುಪು ಅನ್ನಿಸುತ್ತದೆ. ಹೌನ ಗಿಟಾರಿಗೆ ಅಲ್ಲಿ ಜಾಗವೇ ಕಮ್ಮಿಯಾಗಿದೆ. ಆಮೇಲೆ ಅವನು ಹಿಂದೆ ಜೆನೆಸಿಸ್ ಬ್ಯಾಂಡಿನಲ್ಲಿದ್ದ ಸ್ಟೀವ್ ಹ್ಯಾಕೆಟ್ ಜೊತೆ ಸೇರಿ ಜಿಟಿಆರ್ ಅನ್ನೋ ಬ್ಯಾಂಡ್ ಕಟ್ಟಿದ. ಇಬ್ಬರು ದೊಡ್ಡ ಗಿಟಾರ್ ವಾದಕರು, ಡೌನ್ಸ್‌ನ ನಿರ್ಮಾಣ, ಕೀಬೋರ್ಡ್ ಬದಲು ಗಿಟಾರಿನಿಂದಲೇ ಕೀಬೋರ್ಡಿನಂಥ ಸದ್ದು ಹೊರಡಿಸುವ ಗಿಟಾರ್ ಸಿಂಥಸೈಸರ್. 1986ರ ಅವರ ಹಾಡು ಅಮೆರಿಕದಲ್ಲಿ 14ನೇ ಸ್ಥಾನದವರೆಗೂ ಹೋಯಿತು. ಆದರೆ ಆ ದಪ್ಪ ಸದ್ದಿನಲ್ಲಿ ಯಾರ ಬೆರಳು ಯಾವುದು ಅಂತ ಗೊತ್ತಾಗುವುದು ಕಷ್ಟ. ಇಬ್ಬರೂ ಒಂದೊಂದು ಸ್ವಂತ ವಾದನದ ತುಣುಕು ಸೇರಿಸಿದ್ದಾರೆ, ಆ ಆಲ್ಬಂನಲ್ಲಿ ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ಅವನ್ನೇ. ಇಲ್ಲಿ ನಿನ್ನ ದೂರಿಗೆ ಬೆಲೆಯಿದೆ. ಏಷ್ಯಾದ ಮೊದಲ ಆಲ್ಬಂಗೆ ಮಾತ್ರ ಅದು ತಾಗುವುದಿಲ್ಲ.

2006ರಲ್ಲಿ ಆ ಮೊದಲ ನಾಲ್ವರೂ ಮತ್ತೆ ಒಟ್ಟಾಗಿ ಪ್ರವಾಸ ಹೊರಟರು. ವೇದಿಕೆಯಲ್ಲಿ ಆಲ್ಬಂನ ಹಾಡುಗಳ ಜೊತೆಗೆ ಯೆಸ್‌ನದೊಂದು, ಕ್ರಿಮ್ಸನ್‌ನದೊಂದು, ಪಾಮರ್‌ನ ಬ್ಯಾಂಡಿನದೊಂದು, ಬಗಲ್ಸ್‌ನದೊಂದು ನುಡಿಸಿದರು. ಆ ರೆಕಾರ್ಡಿಂಗ್ ಹುಡುಕಿ ಕೇಳು. ಯೆಸ್ ಹಾಡು 'ರೌಂಡಬೌಟ್' ಮುಗಿಸಿದ ಕೈಗಳೇ 'ಹೀಟ್ ಆಫ್ ದಿ ಮೊಮೆಂಟ್' ನುಡಿಸುತ್ತವೆ. ಯಾವುದಕ್ಕೆ ಮನಸ್ಸು ಕೊಟ್ಟಿಲ್ಲ ಅಂತ ಆಮೇಲೆ ನನಗೆ ಬರಿ.

ನಿನ್ನ ಗೆಳೆಯ